ನಾಲಿಗೆಯ ಕೆಳಗೆ

ಲೂಯಿಸಿಯಾನಾದ ಜೌಗಿನವನು ನಾನು, ಸೀಗಡಿ ಹಿಡಿಯುವವನ ಮಗ.
ಬಿಳಿ ಎಂದರೆ ನನಗೆ ಹತ್ತಿ, ಉಪ್ಪು, ಕೊಕ್ಕರೆ,
ಭಾನುವಾರ ಅಮ್ಮ ತೊಡುವ ಕೈಗವಸು.
ಆರ್ಡೆನ್ ಕಾಡಿನಲ್ಲಿ ಲಾರಿಯಿಂದ ಇಳಿಸಿದಾಗ
ಹಿಮವನ್ನು ಮೊದಲ ಸಲ ಮುಟ್ಟಿದೆ, ಮೂಸಿದೆ.
ವಾಸನೆಯೇ ಇಲ್ಲ.
ನೀರನ್ನು ಮೂಸಿ ನಾಳೆಯ ಗಾಳಿ ಹೇಳುತ್ತಿದ್ದ ಅಪ್ಪ.
ಇದು ಏನನ್ನೂ ಹೇಳಲಿಲ್ಲ.

ಪಕ್ಕದ ಗುಂಡಿಯಲ್ಲಿ ಲೈಲ್ ಓಸ್ಟ್‌ಬಿ, ಉತ್ತರ ಡಕೋಟದವ,
ಹಿಮದಲ್ಲೇ ಹುಟ್ಟಿ ಹಿಮದಲ್ಲೇ ಹಲ್ಲು ಬಂದವ.
ಹಿಮ ತಿನ್ನಬೇಡ, ಬಾಯಾರಿಕೆ ಹೆಚ್ಚುತ್ತದೆ.
ಬೆವರಬೇಡ, ಬೆವರೇ ಹಗೆ.
ಕಾಲ್ಚೀಲ ಎರಡು ಜೊತೆ: ಒಂದು ಕಾಲಿಗೆ, ಒಂದು ಎದೆಗೆ,
ಅಂಗಿಯೊಳಗೆ, ಚರ್ಮಕ್ಕೆ ತಾಗಿ.
ಸಂಜೆಗೊಮ್ಮೆ ಅದಲು ಬದಲು.
"ಓವಿಡ್, ಕಾಲ್ಚೀಲ ಬದಲಿಸಿದೆಯಾ?"
ದಿನಾ ಇದೇ ಪ್ರಶ್ನೆ.
ನೀನೇನು ನನ್ನ ಅಜ್ಜಿಯಾ, ಎಂದು ದಿನಾ ನನ್ನ ಬೈಗುಳ.

ನಾನು ಕಂಪನಿಯ ಮೆಡಿಕ್, ತೋಳಿಗೆ ಕೆಂಪು ಶಿಲುಬೆ.
ನೆತ್ತರು ಹೆಪ್ಪುಗಟ್ಟಿದರೆ ಒಳ್ಳೆಯದು,
ಎಂದು ತರಬೇತಿಯಲ್ಲಿ ಕಲಿಸಿದ್ದರು.
ಇಲ್ಲಿ ನೆತ್ತರಿಗಿಂತ ಮೊದಲು ಮಿಕ್ಕದ್ದೆಲ್ಲ ಹೆಪ್ಪುಗಟ್ಟಿತು.
ಬ್ರೆಡ್ಡು, ಗ್ರೀಸು, ಪ್ಲಾಸ್ಮಾದ ಬಾಟಲಿ,
ರೈಫಲ್ಲಿನ ಬೋಲ್ಟು; ಉಚ್ಚೆ ಹೊಯ್ದು ಕರಗಿಸಿದರು ಅದನ್ನ,
ಸಾರ್ಜೆಂಟನ ಮೀಸೆಯ ಮೇಲೆ ಅವನದೇ ಉಸಿರು.
ಮಾರ್ಫಿನ್ ಕೂಡ.
ಬೆರಳುದ್ದದ ತಗಡಿನ ಕೊಳವೆ, ಮೂತಿಗೆ ಸೂಜಿ.
ಕಂಕುಳಲ್ಲಿಟ್ಟೆ, ಸಾಲಲಿಲ್ಲ.
ಕೊನೆಗೆ ಬಾಯಲ್ಲಿ,
ಎರಡು ಬಲಗೆನ್ನೆಗೆ, ಒಂದು ನಾಲಿಗೆಯ ಕೆಳಗೆ,
ತಂಬಾಕು ಒತ್ತಿಕೊಂಡವನಂತೆ.
ಎಂಟು ದಿನ ತಗಡಿನ ರುಚಿ. ಯಾರೊಡನೆಯೂ ಮಾತಿಲ್ಲ.
ಇವನಿಗೇನೋ ಮುನಿಸು ಅಂದುಕೊಂಡರು ಹೊಸಬರು.

ಒಂದು ಮಧ್ಯಾಹ್ನ ಹಳ್ಳಿಗೆ ಕಳಿಸಿದರು ಹಾಸುಬಟ್ಟೆ ಬೇಡಲು,
ಫ್ರೆಂಚ್ ಬರುವವನು ನಾನೊಬ್ಬನೇ.
ಹಿಮದ ಮೇಲೆ ನಮ್ಮ ಕಂದು ಕೋಟು
ಹಾಲಿಗೆ ಬಿದ್ದ ನೊಣ.
ಕೊಳವೆಗಳನ್ನು ಅಂಗೈಗೆ ಉಗುಳಿ ಮಾತಾಡಿದೆ.
ಮಾದಾಂ ಓರ್ತಾನ್ಸ್ ನಕ್ಕೇಬಿಟ್ಟಳು:
"ನನ್ನ ಮುತ್ತಜ್ಜಿಯ ಮಾತು ಇದು! ಎಲ್ಲಿ ಸಿಕ್ಕಿತು ನಿನಗೆ?"
ಎಲ್ಲಿ ಅಂತ ಹೇಳಲಿ. ಸಮುದ್ರದಾಚೆ, ಮೊಸಳೆಗಳ ನಡುವೆ
ಕೆಡದೆ ಉಳಿದಿತ್ತು.
ಪೆಟ್ಟಿಗೆ ತೆರೆದು ಆರು ಹಾಸು ಕೊಟ್ಟಳು,
ಮೂಲೆಯಲ್ಲಿ ನೀಲಿ ದಾರದ ಹೆಸರು, ಮಡಿಕೆಯಲ್ಲಿ ಲ್ಯಾವೆಂಡರ್.
ಮದುವೆಗೆಂದು ಹೊಲಿದದ್ದು. ಗಂಡ ಜರ್ಮನಿಯಲ್ಲಿ ಸೆರೆ.
ವಾಪಸು ತಂದುಕೊಡು ಅನ್ನಲಿಲ್ಲ.
ಆ ರಾತ್ರಿ ಗುಂಡಿಗಳಲ್ಲಿ ಒಂದು ವಾಸನೆ ಇತ್ತು.

ಮುಂಜಾವು. ಮಂಜು.
ಆ ಕಾಡಲ್ಲಿ ಶೆಲ್ಲುಗಳು ನೆಲದವರೆಗೆ ಕಾಯುವುದಿಲ್ಲ,
ಮರದ ತುದಿಯಲ್ಲೇ ಸಿಡಿದು
ಕಬ್ಬಿಣವನ್ನೂ ಮರದ ಸಿಬಿರನ್ನೂ ಒಟ್ಟಿಗೇ ಸುರಿಯುತ್ತವೆ.
ಲೈಲ್‌ನ ಹಾಸುಬಟ್ಟೆ ಹೊಟ್ಟೆಯ ಬಳಿ ಕೆಂಪಾಗಿ
ನೋಡನೋಡುತ್ತ ಹಲಗೆಯಂತೆ ಸೆಟೆಯಿತು.
ಹೆಪ್ಪುಗಟ್ಟಿದರೆ ಒಳ್ಳೆಯದು.
ಒಂದು ಕೊಳವೆಯನ್ನು ತೊಡೆಗೆ ಹಿಂಡಿದೆ,
ಖಾಲಿಯನ್ನು ಕಾಲರಿಗೆ ಚುಚ್ಚಿಟ್ಟೆ, ಲೆಕ್ಕಕ್ಕೆ.
ಎರಡು ಬಾಯಲ್ಲೇ ಇದ್ದವು.
ಬಲಗಡೆ ಇನ್ನಿಬ್ಬರು ಕೂಗುತ್ತಿದ್ದರು.

ಅವನು ಕಣ್ಣು ತೆರೆದ.
ಅಮ್ಮನನ್ನು ಕರೆಯಲಿಲ್ಲ, ದೇವರನ್ನೂ ಇಲ್ಲ,
ಬದುಕುತ್ತೇನಾ ಅಂತಲೂ ಕೇಳಲಿಲ್ಲ.
"ಓವಿಡ್, ಕಾಲ್ಚೀಲ ಬದಲಿಸಿದೆಯಾ?"

ಉಗುಳಿದರೆ ಹಿಮದಲ್ಲಿ ಕಳೆದುಹೋಗುತ್ತಿದ್ದವು,
ನನ್ನ ಎರಡೂ ಕೈ ಅವನ ಹೊಟ್ಟೆಯ ಮೇಲೆ.
ತಲೆಯಾಡಿಸಿದೆ, ಹೂಂ ಅಂತ.
ಮೂರು ದಿನದಿಂದ ಬದಲಿಸಿರಲಿಲ್ಲ.
ಮಂಜಿನಲ್ಲಿ ಅವನಿಗೆ ಕಂಡಿತೋ ಇಲ್ಲವೋ.

ಎಡಗಾಲಿನ ಎರಡು ಬೆರಳು ಲಿಯೇಜ್‌ನ ಆಸ್ಪತ್ರೆಯಲ್ಲಿ ಬಿಟ್ಟುಬಂದೆ.
ಇಲ್ಲಿ ಜನವರಿಯಲ್ಲೂ ಸೊಳ್ಳೆ.
ರಾತ್ರಿ ಎದ್ದು, ಹಗ್ಗದ ಮೇಲಿನ ಕಾಲ್ಚೀಲ ಒಣಗಿತಾ ಅಂತ
ಮುಟ್ಟಿ ನೋಡಿ ಬಂದು ಮಲಗುತ್ತೇನೆ.
ಯಾಕೆಂದು ಕೇಳುವುದನ್ನು ಯೂಲಾಲಿ ಬಿಟ್ಟು ಎಷ್ಟೋ ವರ್ಷ.

ನವೆಂಬರಿನಲ್ಲಿ ಶಾಲೆಯ ಮಕ್ಕಳು ಬರುತ್ತಾರೆ,
ಟೇಪ್ ರೆಕಾರ್ಡರ್ ಮೇಜಿನ ಮೇಲಿಟ್ಟು,
ಹೇಳಿ ತಾತ, ಯುದ್ಧ ಹೇಗಿತ್ತು.
ಬಾಯಿ ತೆರೆಯುತ್ತೇನೆ.
ತಗಡಿನ ರುಚಿ.
ಇನ್ನೂ ಎರಡು ಇವೆ ಅಲ್ಲಿ, ಬೆಚ್ಚಗೆ.