ಯಾರೂ ಮುಟ್ಟದ ಪಂಜರ

ಟಿಬಿಲಿಸಿಯಲ್ಲಿ ಆ ಚಳಿಗಾಲ
ಮೇಣ ಕರಗಿಸಲು ಕರೆಂಟಿರಲಿಲ್ಲ.
ಸೀಮೆಎಣ್ಣೆ ಸ್ಟೋವಿನ ಮೇಲೆ ಬಟ್ಟಲಿಟ್ಟು
ಇಲಿಗಳ ಹೃದಯ ಅದ್ದಿ ತೆಗೆಯುತ್ತಿದ್ದೆ,
ಅದೇ ಉರಿಗೆ ಬೆರಳು ಕಾಯಿಸಿಕೊಳ್ಳುತ್ತ.

ಮೊದಲೆಲ್ಲ ಲೆಕ್ಕ ಚೊಕ್ಕವಾಗಿತ್ತು.
ಒಂದನೇ ಪಂಜರದವು ದಿನಕ್ಕೆ ನಾಲ್ಕು ತಾಸು
ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ.
ಎರಡನೆಯವು ದಡವಿಲ್ಲದ ತೊಟ್ಟಿಯಲ್ಲಿ ಈಜಬೇಕು.
ಮೂರನೆಯವಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ.
ನಾಲ್ಕನೆಯವಕ್ಕೆ ಏನಿಲ್ಲ, ಮೈಯಳತೆಯ ಒಂದು ಕೊಳವೆ,
ಹೊರಳಲಾಗದಂತೆ, ಅಷ್ಟೆ.
ಐದನೆಯದನ್ನು ಯಾರೂ ಮುಟ್ಟುವಂತಿಲ್ಲ.

ಎದೆ ಒಡೆಯಿತು ಅನ್ನುತ್ತಾರಲ್ಲ,
ಒಡೆಯುವುದಿಲ್ಲ. ನೋಡಿದ್ದೇನೆ.
ಈಜಿದವುಗಳ ನಾರು ದಪ್ಪಗಾಗುತ್ತದೆ,
ಹಮಾಲಿಯ ಅಂಗೈ ಹಾಗೆ.
ಚಳಿ ತಿಂದವುಗಳಲ್ಲಿ ಕೂಡಿಟ್ಟ ಸಕ್ಕರೆ ಖಾಲಿ,
ತಳ ಕೆರೆದ ಹಗೇವು.
ಕೊಳವೆಯವು, ಓಡದವು, ಈಜದವು,
ಸದ್ದೇ ಮಾಡದವು,
ಅವುಗಳದ್ದೇ ಎಲ್ಲಕ್ಕಿಂತ ಕೆಟ್ಟದ್ದು.
ನಾರು ಬಿಗಿಹಿಡಿದದ್ದು ಬಿಡುವುದನ್ನೇ ಮರೆತಿದೆ;
ತಿಳಿಗುಲಾಬಿಯ ಮೇಲೆ ಕಡುಗೆಂಪು ಅಡ್ಡಗೆರೆಗಳು,
ಹಿಂಡಿ, ಕೊಡವದೆ ಬಿಟ್ಟ ಬಟ್ಟೆಯ ಮಡಿಕೆ.

ಡಿಸೆಂಬರಿನಲ್ಲಿ ಗಂಟೆ ನಿಂತಿತು.
ಎರಡು ಬೀದಿ ಆಚೆ ಗುಂಡು ಶುರುವಾಯಿತು.
ಮೂರನೇ ಪಂಜರಕ್ಕೆ ಮಾತ್ರ ಕೇಳಲಿ ಎಂದು
ಯಾರು ಹೊಡೆಯುತ್ತಾರೆ?
ಹಿಮಕ್ಕಂತೂ ಪೆಟ್ಟಿಗೆ ಬೇಕಾಗಲಿಲ್ಲ,
ಒಡೆದ ಗಾಜಿನಿಂದ ತಾನಾಗಿ ಬಂತು.

ವಖುಷ್ತಿ ಬಂದರು, ಕೋಟಿನ ಮೇಲೆ ಕೋಟು,
ನಸುಕಿನ ನಾಲ್ಕರಿಂದ ರೊಟ್ಟಿಯ ಸಾಲಿನಲ್ಲಿ ನಿಂತು.
'ಐದನೆಯದು ಹೇಗಿದೆ, ತ್ಸಿಯಾಲಾ?'
ಸೂಕ್ಷ್ಮದರ್ಶಕದ ಕನ್ನಡಿ ಕಿಟಕಿಯತ್ತ ತಿರುಗಿಸಿ
ಎದ್ದು ಜಾಗ ಬಿಟ್ಟೆ.
ಬಹಳ ಹೊತ್ತು ಬಗ್ಗಿದ್ದರು.
ಕರವಸ್ತ್ರದಿಂದ ಗಾಜು ಒರೆಸಿ ಮತ್ತೆ ಬಗ್ಗಿದರು.
'ಚೀಟಿ ಅದಲುಬದಲಾಗಿದೆ, ಇದು ನಾಲ್ಕನೆಯದು.'
ಇಲ್ಲ ಅಂದೆ. ಅಂಟಿಸಿದ್ದು ನಾನೇ.

ಹೊರಗೆ ಯಾರೋ ಟ್ರಕ್ಕಿನ ಎಂಜಿನ್ ಬೆಚ್ಚಗಾಗಿಸಲು ಹೆಣಗುತ್ತಿದ್ದರು,
ಕೆಮ್ಮುವುದು, ನಿಲ್ಲುವುದು, ಕೆಮ್ಮುವುದು.

ದಾಖಲೆ ಪುಸ್ತಕದಲ್ಲಿ ಕಾರಣದ ಕಾಲಮ್ಮಿಗೆ
ಪೆನ್ಸಿಲ್ಲಿಟ್ಟು, ತಾರೀಕು ಮಾತ್ರ ಬರೆದರು.
ಆಮೇಲೆ ಒಳಗಿನ ಕೋಟಿನಿಂದ
ದೋಣಿಯಾಕಾರದ ರೊಟ್ಟಿ ತೆಗೆದು, ತುದಿ ಮುರಿದು,
ಐದನೇ ಪಂಜರದ ಬಾಗಿಲು ತೆರೆದು
ಮೊಣಕೈವರೆಗೆ ಕೈ ಹಾಕಿದರು.

ಮುಟ್ಟುವಂತಿಲ್ಲ ಅಂದೆ,
ರೂಢಿಯಿಂದ.
ಅವರು ಕೈ ತೆಗೆಯಲಿಲ್ಲ.
ಉಳಿದ ನಾಲ್ಕೂ ಬಂದು ಬೆರಳ ಸಂದಿಯಲ್ಲಿ ಕೂತವು,
ಬೆಚ್ಚಗಿತ್ತೇನೋ.