ಅರ್ಧ ರಾಷ್ಟ್ರಗೀತೆ

ಜೂನ್ ಅಂದ್ರ ನಮಗ ರಜಾ.
ಲಗ್ನದ ಮುಹೂರ್ತ ಮುಗದು
ಕೋಟು ಗೂಟಕ್ಕ, ಡ್ರಮ್ಮು ಮಂಚದ ಬುಡಕ,
ನನ್ನ ಕ್ಲಾರಿನೆಟ್ಟು ಹಳೇ ಧೋತರದಾಗ.
ಕಾಕರ ಗಲ್ಲಿಯ ಬ್ಯಾಂಡ್ ಕಂಪನಿ
ಬಾಗಲಾ ಅರ್ಧ ಮುಚ್ಚಿ ತೂಕಡಸ್ತಿತ್ತು.

ಆ ವರ್ಷ ಸುಶೀಲಾಬಾಯಿ ಕಂಗ್ರಾಳಕರ ಮನ್ಯಾಗ
ಹದಿನಾಕ ಇಂಚಿನ ಟಿವಿ. ಕಪ್ಪು ಬಿಳಿ.
ಆಕೀ ಗಂಡ ಬಿಟ್ಟು ಹೋದದ್ದು ಅದೊಂದು, ಮತ್ತ ಒಂದು ಛತ್ರಿ.
ರಾತ್ರಿ ಪಡಸಾಲಿ ತುಂಬ ನಾವು:
ದಸ್ತಗೀರ ಉಸ್ತಾದ ಖುರ್ಚಿ ಮ್ಯಾಲ,
ಕ್ಯಾಂಪಿನ ಕೈತಾನ ಬೂಟು ಬಿಚ್ಚದ ಹೊಸ್ತಲದಾಗ,
ದುರಗಪ್ಪ ಭಜಂತ್ರಿ ತೊಡೀ ಮ್ಯಾಲ ಬೆರಳ ಆಡಿಸಗೋತ,
ನಡುವ ಒಂದು ಪರಾತ ಚುರಮರಿ.

ಆಟ ನಮಗ ತಿಳೀತಿದ್ದಿಲ್ಲ, ಖರೇ ಹೇಳ್ತೀನಿ.
ಆಫ್‌ಸೈಡ್ ಅಂದ್ರೇನಂತ
ಇವತ್ತೂ ದುರಗಪ್ಪನ್ನ ಕೇಳಬ್ಯಾಡ್ರಿ.
ನಮಗ ಬೇಕಾಗಿದ್ದು ಮೊದಲಿನ ಐದ ನಿಮಿಷ.
ಆಟಗಾರರು ಸಾಲಾಗಿ ನಿಂತು
ಎದಿ ಮ್ಯಾಲ ಕೈ ಇಟ್ಟಾಗ
ಅವರವರ ದೇಶದ ಬ್ಯಾಂಡು.
ಉಸ್ತಾದ ಕಣ್ಣ ಮುಚ್ಚಿ ಬೆರಳ ಎತ್ತತಿದ್ದ.
ಇಟಲಿದು, ಟಾಂಗಾದ ಕುದರಿ ಹಗ್ಗ ಹರಕೊಂಡಂಗ.
ಇಂಗ್ಲಂಡಿನದು ಕೈತಾನಗ ಮೊದಲ ಬರತಿತ್ತು,
ಅವರಪ್ಪ ಪಲ್ಟಣದ ಬ್ಯಾಂಡಿನ್ಯಾಗ ಊದಾಂವ.

ಕ್ಯಾಮರೂನಿಂದು ಬಂತು.
ಯಾರೂ ಚುರಮರಿ ಮುಟ್ಟಲಿಲ್ಲ.
ನಕಾಶಿದಾಗ ಎಲ್ಲೈತಿ ಗೊತ್ತಿಲ್ಲ,
ಅಂಗಿ ಬಣ್ಣ ಯಾವದು ಗೊತ್ತಿಲ್ಲ,
"ಬಿಲಾವಲ" ಅಂದ ಉಸ್ತಾದ, ಮೆಲ್ಲಕ,
ಸಂಬಂಧಿಕರ ಗುರತು ಹತ್ತಿದಂಗ.
ಅರ್ಧಕ್ಕ ಬರೂದ್ರಾಗ ಗಾಳಿಗೆ ಆಂಟೆನಾ ತಿರಗಿ
ಟಿವಿ ತುಂಬ ಸುರ್ರ್ ಅಂತ ಚುಕ್ಕಿ.
ಮುಂದಿನ ಆಟಕ್ಕೂ ಹಂಗ. ಅದರ ಮುಂದಿಂದಕ್ಕೂ.
ಅರ್ಧ ಹಾಡಷ್ಟ ನಮ್ಮ ಕಡೆ ಉಳೀತು.

ಉಳದರ್ಧ ಉಸ್ತಾದ ಕಟ್ಟಿದ.
ಕೋಮಲ ನಿಷಾದ ಹಚ್ಚಿ, ಖಮಾಜಿನ ಓಣಿಗೆ ಹೊಳ್ಳಿಸಿ,
ಕಡೀಕ ದುರಗಪ್ಪನ ಸಂಬಾಳದ ಒಂದು ತಿಹಾಯಿ.
"ಎಷ್ಟ ದೂರದ ದೇಶ ಆದ್ರೂ
ಸಾಗೆ ಹೊಳ್ಳಿ ಬರಬೇಕಲ್ಲೋ" ಅಂದ.

ಅವರು ಸೋತ ರಾತ್ರಿ.
ಎರಡು ಪೆನಾಲ್ಟಿ. ಹೊರಗ ಜಿಟಿಜಿಟಿ.
ಸುಶೀಲಾಬಾಯಿ "ಝಾಲಂ" ಅಂದು ಟಿವಿ ಆರಿಸಿ
ಚಹಾಕ್ಕ ನೀರ ಇಟ್ಟಳು. ಯಾರೂ ಏಳಲಿಲ್ಲ.
ಕೈತಾನ ಅಂಗಳಕ್ಕ ಹೋಗಿ ಟ್ರಂಪೆಟ್ ತಗದ,
ಆಮ್ಯಾಲ ನಾನೂ.
ಮೂರು ಗಂಟೆ ಇರಬೇಕು.
ಒಂದೊಂದ ಕಿಟಕಿ ತೆರೀತು. ಬೈಗಳ ಬರತಾವಂತ ಕಾದ್ವಿ.
ಮ್ಯಾಲಿನ ಮಾಳಗಿಯಿಂದ ಯಾರೋ ಕೇಳಿದರು:
"ಯಾರ ಹೋದರ್ರೀ?"

ದೀಪಾವಳಿ ದಾಟಿ ಲಗ್ನ ಸುರು ಆದ್ವು.
ಅನಗೋಳದಾಗ ಹೆಣ್ಣ ಒಪ್ಪಿಸೂ ಹೊತ್ತಿಗೆ
ಉಸ್ತಾದ ಸನ್ನಿ ಮಾಡಿದ.
ಹುಡಿಗಿ ಅವ್ವ ಕಂಬ ಹಿಡದು ಅತ್ತಳು.
ಮುಂದ ಊರೆಲ್ಲ ಅದ ಬೇಡಿಕಿ:
"ಆ ಕ್ಯಾಮರೂನ ಬಾರಸ್ರಿ."
ಅದು ಯಾವದೋ ಸಿನಿಮಾ ಅಂತ ತಿಳದಿದ್ರು.
ನಾವೂ ಅಲ್ಲ ಅನ್ನಲಿಲ್ಲ.
ಉಗಾದಿಗೆ ಕೋಟು ಹಸರು ಮಾಡಿಸಿದ್ವಿ.

ಈಗ ಉಸ್ತಾದ ಇಲ್ಲ.
ಕೈತಾನ ವಾಸ್ಕೋದಾಗ ಮಗಳ ಮನ್ಯಾಗ,
ಕಿವಿ ಮಂದ ಅಂತ ಫೋನ್ ಎತ್ತೂದಿಲ್ಲ.
ಲಗ್ನಕ್ಕ ಡಿಜೆ ಪೆಟಗಿ, ಎದಿ ಗುದ್ದತಾವ.
ನಿನ್ನೆ ಸಂಜೀಕ ಉಸ್ತಾದನ ಮೊಮ್ಮಗಳು ಮುಸ್ಕಾನ
ಮೈದಾನದ ಕೆಂಪ ಮಣ್ಣ ಮಣಕಾಲಿಗೆ ಮೆತ್ಕೊಂಡ
ಓಡಿ ಬಂದಳು, ಕೈಯಾಗ ಮೊಬೈಲು.
"ಕಾಕಾ, ಪೂರಾ ಸಿಕ್ಕೈತಿ, ಕೇಳ್ರಿ."

ಮೊದಲಿನರ್ಧಕ್ಕ
ನನ್ನ ಬೆರಳು ತಾವ ಗಾಳಿಯೊಳಗ ತೂತು ಹುಡಿಕಿದ್ವು.
ಆಮ್ಯಾಲ ಅದು ಓಣಿಗೆ ಹೊಳ್ಳಲಿಲ್ಲ.
ಹೆದ್ದಾರಿ ಹಿಡದು ನೆಟ್ಟಗ ಹೋತು.
ಖಮಾಜಿಲ್ಲ. ತಿಹಾಯಿ ಇಲ್ಲ.
ಹಿಂದ ಯಾರೂ ಅಳಲಿಲ್ಲ.

"ತಪ್ಪ ಬಾರಿಸ್ಯಾರ" ಅಂದೆ.
ಹುಡಿಗಿ ನಗಲಿಲ್ಲ.
"ಹಂಗಾರ ನಮ್ಮದು ಹೆಂಗ?" ಅಂದು
ನೆಲಕ್ಕ ಕುಂತಳು, ಚೆಂಡ ಮಡಲಾಗ ಇಟಗೊಂಡು.

ಧೋತರ ಬಿಚ್ಚಿದೆ.
ರೀಡು ಒಣಗಿತ್ತು.
ನಾಲಿಗಿ ಮ್ಯಾಲ ಇಟ್ಟು, ಮಾತಾಡದ, ಕುಂತೆ.