ಇಪ್ಪತ್ತೊಂದು ಗಂಟು

ಉಮದಿಯ ಬಸ್ ಸ್ಟ್ಯಾಂಡಿನ ಎದುರು ನಮ್ಮ ಮೆಡಿಕಲ್.
ಬೋರ್ಡು ಮರಾಠಿ, ಬಿಲ್ಲು ಇಂಗ್ಲಿಷು,
ಬ್ಯಾನಿ ಮಾತ್ರ ಎಲ್ಲಾರದೂ ಕನ್ನಡದಾಗ.

ಮುಂಜಾನೆ ಅಮೋಘಿ ಬಂದ, ಹೆಗಲ ಮ್ಯಾಲ ಕಂಬಳಿ,
ಕಂಬಳಿ ಹಿಂದ ಅಡಗಿದ ಆರು ವರ್ಷದ ತಾಯಕ್ಕ.
ಮೂಗಿನ ಕೆಳಗ, ತುಟಿಯ ಅಂಚಿಗೆ
ಬೆಲ್ಲದ ಪಾಕ ಒಣಗಿಧಂಗ ಹಕ್ಕಳಿ,
ಅದರ ಮ್ಯಾಲ ಒಂದು ನೀಲಿ ಗೀರು.

"ಇದೇನೋ ನೀಲಿ?"
"ಕುರಿ ಗಾಯಕ್ಕ ಹೊಡಿಯೂದ್ರಿ ಅಕ್ಕಾರ,
ಹುಳಾ ಬಿದ್ದದ್ದೂ ಮಾಯತೈತಿ.
ಕುರಿಗಿ ಆದದ್ದು ಕೂಸಿಗಿ ಆಗಾಂಗಿಲ್ಲೇನು?"

ಚೀಟಿ ಇಲ್ಲ. ಕೈಯಾಗ ಎರಡು ಇಪ್ಪತ್ತು, ಒಂದು ಹತ್ತು.
ಐವತ್ತಕ್ಕ ಏನು ಬರತೈತಿ ನನಗ ಗೊತ್ತು:
ಮೂರು ಔಷಧ ಒಂದ ಟ್ಯೂಬಿನಾಗ ಕಲಸಿದ್ದು,
ಕೆರತಕ್ಕೂ ಅದ, ಕಲಿಗೂ ಅದ, ಹುಣ್ಣಿಗೂ ಅದ,
ಗಲ್ಲೆದ ಬಾಜೂಕ ಕೈಗೆ ಸಿಗೂಹಂಗ ಇಟ್ಟಿರತಾರ.
ಹೋದ ಶ್ರಾವಣಕ್ಕ ನಾನ ಕೊಟ್ಟಿದ್ದೆ
ಬೋರ್ಗಿಯ ಒಬ್ಬ ಹುಡುಗಿಗೆ, ನಿಶ್ಚಯ ಆದಾಕಿಗೆ.
ಮೊದಲ ವಾರ ಕೈ ಮುಗದಳು.
ದೀಪಾವಳಿಗೆ ಬಂದಾಗ ಕೆನ್ನಿ ಉಳ್ಳಾಗಡ್ಡಿ ಪೊರಿ ಹಂಗ,
ಒಳಗಿನ ಕೆಂಪು ನರ ಎಣಸಬಹುದಿತ್ತು.
ಆಕಿ ಬೈಲಿಲ್ಲ. ಇನ್ನೊಂದು ಟ್ಯೂಬು ಕೇಳಿದಳು.

"ದವಾಖಾನಿಗೆ ಹೋಗು. ಇವತ್ತ ಮಂಗಳವಾರ,
ಡಾಕ್ಟರ್ ಬಾಯಿ ಇರತಾರ."

ಹನ್ನೆರಡಕ್ಕ ಚೀಟಿ ಹಿಡಕೊಂಡು ಬಂದ.
ಮ್ಯುಪಿರೋಸಿನ್, ಐದು ಗ್ರಾಮ್,
ದಿನಕ್ಕ ಮೂರು ಸಲ, ಏಳು ದಿನ.
ದವಾಖಾನಿ ಕಪಾಟು ಖಾಲಿ, ಹೊರಗ ತಗೋ ಅಂದಿದ್ರಂತ.
ಹೊರಗ ಅಂದ್ರ ನಾನ. ನನ್ನ ಕಪಾಟೂ ಖಾಲಿ.
ಸಾಂಗಲಿಯ ಏಜೆಂಟ್ ಬರೂದು ಗುರುವಾರ, ಬಂದರ ಬಂದ.
ವಿಜಯಪುರ ಹತ್ತರ, ಆದರ ಬಿಲ್ಲು ಆ ರಾಜ್ಯದ್ದು,
ಇನ್ಸ್‌ಪೆಕ್ಟರ್ ಈ ರಾಜ್ಯದಾಂವ.
ಕಂಡಕ್ಟರ್ ಗೈಬೂಸಾಬಗ ಫೋನ್ ಹಚ್ಚಿದೆ,
ಚೀಟಿಯ ಫೋಟೋ ಕಳಿಸಿದೆ. ಸಂಜಿ ಬಸ್ಸಿಗೆ ಬಂತು
ಟಿಕೆಟ್ ಮಶೀನಿನ ಚೀಲದಾಗ, ಬೆರಳಿನಷ್ಟು ಡಬ್ಬಿ,
ಬೆನ್ನ ಮ್ಯಾಲ ಕೆಂಪು ಗೆರಿ.
ಗೆರಿ ಅಂದ್ರ ಚೀಟಿ ಇಲ್ಲದ ಕೊಡಬಾರದು;
ಓದಿದವರಿಗೆ ಗೊತ್ತು. ಚೀಟಿ ಇಲ್ಲದ ಕೇಳವರೂ
ಹೆಚ್ಚಾಗಿ ಓದಿದವರ.

ನೂರಾ ಹದಿನೆಂಟು.
ಅಮೋಘಿ ಡಬ್ಬಿ ಅಂಗೈಯಾಗ ತೂಗಿದ,
ಸಂತ್ಯಾಗ ಮಾಡಗ್ಯಾಳ ಟಗರಿನ ಬೆನ್ನು ಒತ್ತಿ ನೋಡೂಹಂಗ
ಟ್ಯೂಬಿನ ಹೊಟ್ಟಿ ಒತ್ತಿದ.
"ಅರ್ಧಾ ಕೊಡ್ರಿ ಅಕ್ಕಾರ. ಅರ್ಧಾ ಮುಖಕ್ಕಷ್ಟ ಆಗೇತಿ."
ನಗಬಾರದಿತ್ತು. ನಕ್ಕೆ.
ಉಳದದ್ದು ಉದ್ರಿ ಬರಕೊಂಡೆ.

ಓದಾಕ ಬರೂದಿಲ್ಲ ಅವಗ.
ಹೆಂಗ ನೆನಪಿಡತೀ ಅಂದೆ.
ಕಂಬಳಿಯ ಅಂಚಿನಿಂದ ಒಂದು ಎಳಿ ಹಿರದು
ಪಾವಟಿಗಿ ಮ್ಯಾಲ ಕುಂತು ಗಂಟು ಹಾಕಿದ,
ತಾಯಕ್ಕ ಎಣಿಸಿದಳು, ಹದಿಮೂರಕ್ಕ ತಪ್ಪಿ ಮತ್ತ ಮೊದಲಿಂದ.
ಇಪ್ಪತ್ತೊಂದು. "ಹಚ್ಚಿದಂಗ ಒಂದೊಂದ ಬಿಚ್ಚೂದು."

ನಾ ಹೇಳೂದು ಹೇಳಿದೆ: ಮೊದಲ ಕೈ ತೊಳಿ,
ಕಣ್ಣಾಗ ಹೋಗಬಾರದು, ಇನ್ನೊಬ್ಬರಿಗಿ ಹಚ್ಚಬ್ಯಾಡ,
ಮಾಯ್ತಂತ ನಡುವ ಬಿಡಬ್ಯಾಡ,
ಮೂರು ದಿನಕ್ಕ ಇಳೀಲಿಲ್ಲಂದ್ರ ತಿರಿಗಿ ಡಾಕ್ಟರ್ ಕಡೆ ಬಾ.
"ಮೂರು ದಿನಕ್ಕ ನಮ್ಮ ಹಿಂಡು
ಕೃಷ್ಣಾ ದಂಡ್ಯಾಗ ಇರತೈತ್ರಿ" ಅಂದ.
ಅಲ್ಲಿ ಡಾಕ್ಟರ್ ಯಾರು, ನನಗೂ ಗೊತ್ತಿಲ್ಲ.
ಚೀಟಿ ಮಡಚಿ ಡಬ್ಬಿಗೆ ಸುತ್ತಿ ರಬ್ಬರ್ ಹಾಕಿ ಕೊಟ್ಟೆ.

ಇವತ್ತ ಬಂದಾನ, ಉದ್ರಿ ತೀರಸಾಕ.
ತಾಯಕ್ಕನ ತುಟಿ ಮ್ಯಾಲ ಎಳಿ ತೊಗಲು, ತಿಳಿ ಬಣ್ಣ.
ಆಕಿ ಮಣಿಕಟ್ಟಿಗೆ ಆ ಉಣ್ಣಿ ದಾರ,
ದಾರದಾಗ ಇನ್ನೂ ಎರಡು ಗಂಟು.

"ಎರಡು ಯಾಕ ಉಳದಾವು?"
ಅಮೋಘಿ ತನ್ನ ಚಪ್ಪಲಿ ನೋಡಿಕೊಂಡ.
ಹುಡುಗಿ ಹೇಳಿದಳು: "ಮರಿ ಕಿವಿಗಿ ಇಟ್ಟೇವ್ರಿ.
ಅದಕ್ಕ ಚೀಟಿ ಯಾರು ಬರೀತಾರ?"